ಒಂದು ಪ್ರತಿ, ಹಲವು ಯಂತ್ರ



ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನ ಮನೆಮನೆಯಲ್ಲಿ ಏನು ನಡೆಯುತ್ತದೆಂಬುದನ್ನು ನಾನು ತಮಗೆ ವಿವರಿಸಬೇಕಾಗಿಲ್ಲ. ಹಿಂದೆ ಶಾಲೆಯ ಸೂಚನಾಫಲಕದ ಮುಂದೆ ಗುಂಪು ಸೇರುತ್ತಿತ್ತು. ಈಗ ಹುಡುಗ ತನ್ನ ನೋಂದಣಿ ಸಂಖ್ಯೆಯನ್ನು ಕೈಯಲ್ಲಿರುವ ಫೋನಿನಲ್ಲಿ ಒತ್ತುತ್ತಾನೆ. ಕ್ಷಣಮಾತ್ರದಲ್ಲಿ ಅಂಕಗಳು ಕಣ್ಣಮುಂದೆ ನಿಲ್ಲುತ್ತವೆ. ಅದೇ ಹೊತ್ತಿನಲ್ಲಿ ರಾಜ್ಯದ ಲಕ್ಷಾಂತರ ಮಂದಿ ಇದೇ ಪ್ರಶ್ನೆಯನ್ನು ಕೇಳುತ್ತಿರುತ್ತಾರೆ. ಅಷ್ಟು ಮಂದಿಗೂ ಉತ್ತರ ಕೊಡುವವರು ಯಾರು? ದೂರದ ಯಾವುದೋ ಕಟ್ಟಡದಲ್ಲಿ, ತಂಪುಗಾಳಿಯ ಕೋಣೆಯೊಳಗೆ, ಬೀರುವಿನ ಅರೆಗಳಲ್ಲಿ ಜೋಡಿಸಿಟ್ಟ ಗಣಕಯಂತ್ರಗಳು. ಅವಕ್ಕೆ ಸರ್ವರ್ ಎಂದು ಹೆಸರು. ಸೇವೆ ಮಾಡುವುದರಿಂದ ಅವು ಸೇವಕಯಂತ್ರಗಳು.

ಈ ಸರ್ವರುಗಳು ಕೆಲಸ ಮಾಡುವ ಬಗೆಯನ್ನು ಕುರಿತು ತಾವು ಅಷ್ಟಿಷ್ಟು ಕೇಳಿರಬಹುದು. ಇಂದು ನಾನು ಹೇಳಹೊರಟಿರುವುದು ಅದಕ್ಕೂ ಹಿಂದಿನ ಸಂಗತಿ. ಕಾರ್ಖಾನೆಯಿಂದ ಬಂದಿಳಿದ ಯಂತ್ರ ಬರಿದಾಗಿರುತ್ತದೆ. ಅದಕ್ಕೆ ಕೈಕಾಲುಗಳುಂಟು, ವಿದ್ಯೆಯಿಲ್ಲ. ವಿದ್ಯೆಯೆಂದರೆ ಆಪರೇಟಿಂಗ್ ಸಿಸ್ಟಮ್. ಯಂತ್ರದ ಅಂಗಾಂಗಗಳನ್ನೆಲ್ಲ ಹಿಡಿತದಲ್ಲಿಟ್ಟುಕೊಂಡು, ಉಳಿದ ಕಾರ್ಯಗಳಿಗೆ ಅನುವು ಮಾಡಿಕೊಡುವ ಮೂಲ ವ್ಯವಸ್ಥೆ. ಲಿನಕ್ಸ್, ವಿಂಡೋಸ್ ಮುಂತಾದುವು ಇಂಥವು. ಇದನ್ನು ಒಂದು ಯಂತ್ರಕ್ಕೆ ಕಲಿಸುವುದು ಸುಲಭ. ಇನ್ನೂರು ಯಂತ್ರಗಳಿಗೆ, ಅದರಲ್ಲಿಯೂ ಒಂದರಂತೆ ಒಂದಿಲ್ಲದ ಇನ್ನೂರು ಯಂತ್ರಗಳಿಗೆ ಕಲಿಸುವುದು ಹೇಗೆ? ಇದೇ ಇಂದಿನ ಪ್ರಶ್ನೆ.

ಕೈಯಿಂದಲೇ ಮಾಡುತ್ತೇವೆಂದು ಹೊರಟರೆ ಲೆಕ್ಕ ಹೀಗಾಗುತ್ತದೆ. ಯಂತ್ರವೊಂದಕ್ಕೆ ಒಂದು ಗಂಟೆಯೆಂದು ಹಿಡಿಯಿರಿ. ಇನ್ನೂರು ಯಂತ್ರಕ್ಕೆ ಇನ್ನೂರು ಗಂಟೆ. ದಿನಕ್ಕೆ ಎಂಟು ಗಂಟೆ ದುಡಿದರೆ ಇಪ್ಪತ್ತೈದು ದಿನ. ಹೊತ್ತು ಹೋಗುವುದು ಒಂದು ಕಡೆ ಇರಲಿ. ಒಂದೇ ಪ್ರಶ್ನೆಗೆ ಇನ್ನೂರು ಸಲ ಉತ್ತರ ಒತ್ತುವ ಮನುಷ್ಯ ನೂರ ಮೂವತ್ತನೆಯ ಯಂತ್ರಕ್ಕೆ ಬರುವ ಹೊತ್ತಿಗೆ ಏನನ್ನಾದರೂ ತಪ್ಪಿಯೇ ತಪ್ಪುತ್ತಾನೆ. ತಾಳೆಯೋಲೆಯ ಗ್ರಂಥಗಳನ್ನು ಪ್ರತಿಮಾಡಿದವರ ಕೈಯಲ್ಲಿ ಪಾಠಾಂತರಗಳು ಹುಟ್ಟಿದ್ದು ಹೀಗೆಯೇ ಅಲ್ಲವೆ? ಹಳಗನ್ನಡ ಕಾವ್ಯಗಳ ಸಂಪಾದಕರು ಆ ಪಾಠಾಂತರಗಳನ್ನು ಬಿಡಿಸುವುದರಲ್ಲಿ ಎಷ್ಟೋ ವರ್ಷ ಕಳೆದರು. ಸರ್ವರುಗಳ ನಡುವೆ ಪಾಠಾಂತರ ಬಂದರೆ ಅದನ್ನು ಬಿಡಿಸುವುದು ಅಷ್ಟೇ ಕಷ್ಟ. ಆದರೆ ಅಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ.

ಆದುದರಿಂದ ಜಾಲದ ಮೂಲಕ, ಎಂದರೆ ನೆಟ್‌ವರ್ಕಿನ ಮೂಲಕ, ಒಂದೇ ಮೂಲಪ್ರತಿಯನ್ನು ಎಲ್ಲ ಯಂತ್ರಗಳಿಗೂ ಉಣಿಸುವ ಉಪಾಯವನ್ನು ತಜ್ಞರು ಕಂಡುಹಿಡಿದರು. ಇಲ್ಲೊಂದು ತೊಡಕಿದೆ. ಜಾಲದಿಂದ ವಿದ್ಯೆಯನ್ನು ಪಡೆಯಬೇಕಾದರೆ ಜಾಲದೊಡನೆ ಮಾತಾಡುವ ವಿದ್ಯೆ ಮೊದಲೇ ಇರಬೇಕು; ಬರಿಯ ಯಂತ್ರಕ್ಕೆ ಅದೆಲ್ಲಿಂದ ಬರಬೇಕು? ಎಂಥ ನುರಿತ ನಟನಾದರೂ ತನ್ನ ಹೆಗಲ ಮೇಲೆ ತಾನೇ ಏರಲಾರನೆಂದು ನಮ್ಮ ಶಾಸ್ತ್ರಕಾರರು ದೃಷ್ಟಾಂತ ಕೊಡುತ್ತಿದ್ದರು. ಇಂಗ್ಲಿಷಿನಲ್ಲಿಯೂ ಇಂಥದೇ ಮಾತುಂಟು: ತಾನು ತೊಟ್ಟ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದು. ಯಂತ್ರವನ್ನು ‘ಬೂಟ್ ಮಾಡುವುದು’ ಎಂಬ ಮಾತು ಬಂದಿರುವುದು ಆ ಬೂಟಿನಿಂದಲೇ.

ಈ ಗಂಟನ್ನು ಬಿಚ್ಚಲು ಒಂದು ಪುಟ್ಟ ಬೀಜವನ್ನು ಯಂತ್ರದೊಳಗೆ ಕಾರ್ಖಾನೆಯಲ್ಲಿಯೇ ಇಟ್ಟಿರುತ್ತಾರೆ. ಅಳಿಸಿಹೋಗದ ಚಿಪ್ಪಿನಲ್ಲಿ ಕೆಲವೇ ಮಾತುಗಳ ಪಾಠ. ೧೯೮೫ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಎಂಬಿಬ್ಬರು ಬೂಟ್‌ಪಿ ಎಂಬ ಸಂಭಾಷಣಾಕ್ರಮವನ್ನು ಬರೆದರು. ೧೯೯೩ರಲ್ಲಿ ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ರಾಲ್ಫ್ ಡ್ರೋಮ್ಸ್ ಅದನ್ನು ಬೆಳೆಸಿ ಡಿಎಚ್‌ಸಿಪಿ ಎಂಬ ಕ್ರಮವನ್ನು ಪ್ರಕಟಿಸಿದರು. ಇವುಗಳನ್ನು ಹೊಂದಿಸಿ ಇಂಟೆಲ್ ಕಂಪನಿ ಪಿಎಕ್ಸ್‌ಇ ಎಂಬ ವಿಧಾನವನ್ನು ರೂಪಿಸಿತು, ಅದರ ೨.೧ನೆಯ ಆವೃತ್ತಿ ೧೯೯೯ರಲ್ಲಿ ಹೊರಬಂದಿತು. ಇಂದಿಗೂ ಸರ್ವರುಗಳು ಈ ಪರಂಪರೆಯಲ್ಲಿಯೇ ನಡೆದುಬರುತ್ತಿವೆ.

ಆ ಸಂಭಾಷಣೆಯನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಹೊಸ ಯಂತ್ರ ಕಣ್ಣುಬಿಟ್ಟೊಡನೆ ಜಾಲದಲ್ಲಿ ಕೂಗು ಹಾಕುತ್ತದೆ: ‘ನಾನೊಬ್ಬ ಬಂದಿದ್ದೇನೆ. ನನಗೆ ಹೆಸರಿಲ್ಲ, ವಿಳಾಸವಿಲ್ಲ. ನನ್ನ ಜಾಲಫಲಕದ ಮೇಲೆ ಕೆತ್ತಿರುವ ಸಂಖ್ಯೆ ಇಂಥದು. ಯಾರಾದರೂ ದಾರಿ ತೋರಿಸುವಿರಾ?’ ಆ ಸಂಖ್ಯೆ ೪೮ ಬಿಟ್ಟುಗಳದು. ಮೊದಲಿನ ೨೪ ಫಲಕವನ್ನು ಮಾಡಿದ ಕಂಪನಿಯನ್ನು ಸೂಚಿಸುತ್ತವೆ, ಉಳಿದ ೨೪ ಆ ಫಲಕವನ್ನು. ಮನೆತನದ ಹೆಸರು, ಇಟ್ಟ ಹೆಸರು ಎರಡೂ ಕೂಡಿದಂತೆ. ಮಾರ್ಗದರ್ಶಿಯಾದ ಸರ್ವರು ಈ ಕೂಗನ್ನು ಕೇಳಿ, ‘ನಿನ್ನ ವಿಳಾಸ ಇದು, ನಿನ್ನ ಮೊದಲ ಪಾಠ ಇಂಥ ಕಡೆ, ಇಂಥ ಹೆಸರಿನಲ್ಲಿದೆ, ಹೋಗಿ ತೆಗೆದುಕೋ’ ಎನ್ನುತ್ತದೆ.

ಮೊದಲ ಪಾಠ ಬರುವ ಬಗೆಯನ್ನು ನೋಡಿದರೆ ನನಗೆ ನಮ್ಮ ತರಗತಿಯ ಉಕ್ತಲೇಖನ ನೆನಪಾಗುತ್ತದೆ. ಗುರು ಒಂದು ವಾಕ್ಯ ಹೇಳುತ್ತಾನೆ. ಶಿಷ್ಯ ‘ಬರೆದೆ’ ಎಂದಮೇಲೆ ಮುಂದಿನ ವಾಕ್ಯ. ಶಿಷ್ಯ ಸುಮ್ಮನಿದ್ದರೆ ಗುರು ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳುತ್ತಾನೆ. ಟಿಎಫ್‌ಟಿಪಿ ಎಂಬ ಈ ಕ್ರಮದಲ್ಲಿ ಒಂದು ಸಲಕ್ಕೆ ೫೧೨ ಬೈಟುಗಳ ತುಣುಕು. ಅದು ಮುಟ್ಟಿತೆಂಬ ಉತ್ತರ ಬಂದಮೇಲೆ ಮುಂದಿನದು. ನಿಧಾನ, ಆದರೆ ಸರಳ. ಪುಟ್ಟ ಚಿಪ್ಪಿನಲ್ಲಿ ಹಿಡಿಸುವಷ್ಟು ಸರಳ. ಈ ದಾರಿಯಲ್ಲಿ ಬರುವುದು ಪೀಠಿಕೆ ಮಾತ್ರ. ಆ ಪೀಠಿಕೆಯಿಂದ ಎಚ್ಚೆತ್ತ ಯಂತ್ರ ಉಳಿದ ದೊಡ್ಡ ಗ್ರಂಥವನ್ನು ಹೆಚ್ಚು ವೇಗದ ಬೇರೆ ದಾರಿಗಳಿಂದ ತರಿಸಿಕೊಳ್ಳುತ್ತದೆ.

ಇಷ್ಟಾದರೆ ಮುಗಿಯಿತಲ್ಲವೆ ಎಂದು ತಾವು ಕೇಳಬಹುದು. ಯಂತ್ರಗಳೆಲ್ಲ ಒಂದೇ ಅಚ್ಚಿನವಾಗಿದ್ದರೆ ಮುಗಿಯುತ್ತಿತ್ತು. ಲೋಕದಲ್ಲಿ ಹಾಗಿರುವುದಿಲ್ಲ. ಹೋದ ವರ್ಷ ಕೊಂಡ ಯಂತ್ರ ಒಂದು ಕಂಪನಿಯದು, ಈ ವರ್ಷದ್ದು ಇನ್ನೊಂದರದು. ಒಂದರ ಡಿಸ್ಕನ್ನು ಆಳುವ ಫಲಕ ಬೇರೆ, ಇನ್ನೊಂದರ ಜಾಲಫಲಕ ಬೇರೆ. ಒಬ್ಬನ ಅಳತೆಗೆ ಹೊಲಿದ ಅಂಗಿಯನ್ನು ಇನ್ನೂರು ಮಂದಿಗೆ ತೊಡಿಸಿದಂತೆ, ಒಂದು ಯಂತ್ರದ ಡಿಸ್ಕನ್ನು ಇದ್ದದ್ದು ಇದ್ದಂತೆಯೇ ನಕಲು ಮಾಡಿ ಬೇರೆ ಯಂತ್ರಕ್ಕೆ ಹಾಕಿದರೆ ಅದು ಕಾಲೂರಿ ನಿಲ್ಲಲಾರದು. ವಿಂಡೋಸ್ ಎಕ್ಸ್‌ಪಿ ಇದ್ದ ಕಾಲದಲ್ಲಿ ಇಂಥ ನಕಲು ಹೊಸ ಯಂತ್ರದಲ್ಲಿ ನೀಲಿ ಪರದೆಯೊಂದನ್ನು ತೋರಿಸಿ ನಿಂತುಬಿಡುತ್ತಿದ್ದುದು ಸಾಮಾನ್ಯವಾಗಿತ್ತು. ಆ ಪರದೆಯ ಅರ್ಥವಿಷ್ಟೇ: ‘ನಾನು ಯಾವ ಡಿಸ್ಕಿನಿಂದ ಏಳಬೇಕೋ ಆ ಡಿಸ್ಕನ್ನು ಮುಟ್ಟುವ ವಿದ್ಯೆ ನನಗಿಲ್ಲ.’ ಇದಲ್ಲದೆ ಯಂತ್ರಕ್ಕೂ ವ್ಯವಸ್ಥೆಗೂ ನಡುವೆ ನಿಲ್ಲುವ ಎಚ್‌ಎಎಲ್ ಎಂಬ ಪದರವನ್ನು ಆಗ ಸ್ಥಾಪನೆಯ ಕಾಲದಲ್ಲಿಯೇ ಆಯ್ದುಬಿಡುತ್ತಿದ್ದರು. ಯಂತ್ರದ ಜಾತಿ ಬದಲಾದರೆ ನಕಲು ನಡೆಯುತ್ತಿರಲಿಲ್ಲ. ೨೦೦೭ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ಆ ಪದರವನ್ನು ಯಂತ್ರ ಏಳುವಾಗಲೇ ಗೊತ್ತುಮಾಡುವ ಏರ್ಪಾಡಾಯಿತು. ಒಂದೇ ಪ್ರತಿ ಹಲವು ಬಗೆಯ ಯಂತ್ರಗಳಿಗೆ ಒದಗುವಂತಾಯಿತು.

ಯಂತ್ರಗಳು ಬೇರೆಬೇರೆಯಾಗಿದ್ದರೂ ಪ್ರತಿ ಒಂದೇ ಆಗಿರುವುದು ಹೇಗೆ ಸಾಧ್ಯ? ಕನ್ನಡ ವ್ಯಾಕರಣ ಓದಿದವರಿಗೆ ಇದು ಅಪರಿಚಿತವಲ್ಲ. ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯ ಒಂದೇ. ‘ಮನೆ’ಗೆ ಸೇರುವಾಗ ನಡುವೆ ಯಕಾರ ಬಂದು ‘ಮನೆಯನ್ನು’ ಆಗುತ್ತದೆ. ‘ಗುರು’ವಿಗೆ ಸೇರುವಾಗ ವಕಾರ ಬಂದು ‘ಗುರುವನ್ನು’ ಆಗುತ್ತದೆ. ಪ್ರತ್ಯಯ ಬದಲಾಗಲಿಲ್ಲ, ಪ್ರಕೃತಿಯೂ ಬದಲಾಗಲಿಲ್ಲ. ಪ್ರಕೃತಿಯ ಕೊನೆಯ ಸ್ವರವನ್ನು ನೋಡಿ ನಡುವೆ ತಕ್ಕ ಅಕ್ಷರ ಬಂದು ಕೂಡಿಸಿತು. ಇದನ್ನು ನಾವು ಆಗಮಸಂಧಿಯೆನ್ನುತ್ತೇವೆ. ಗಣಕಯಂತ್ರದಲ್ಲಿ ಈ ಆಗಮದ ಕೆಲಸ ಮಾಡುವುದೇ ಡ್ರೈವರ್. ವ್ಯವಸ್ಥೆ ಒಂದೇ, ಫಲಕಕ್ಕೆ ತಕ್ಕ ಡ್ರೈವರ್ ನಡುವೆ ಬಂದು ಅವೆರಡನ್ನೂ ಬೆಸೆಯುತ್ತದೆ.

ಕೊನೆಯ ಸ್ವರ ಯಾವುದೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಅದಕ್ಕೂ ನಿಯಮವುಂಟು. ೧೯೯೨ರಲ್ಲಿ ಇಂಟೆಲ್ ಕಂಪನಿ ಪಿಸಿಐ ಎಂಬ ಜೋಡಣಾಕ್ರಮವನ್ನು ಹೊರತಂದಿತು. ಅದರಂತೆ ಪ್ರತಿಯೊಂದು ಫಲಕವೂ ಕೇಳಿದಾಗ ಎರಡು ಸಂಖ್ಯೆಗಳನ್ನು ಹೇಳಬೇಕು: ತನ್ನನ್ನು ಮಾಡಿದವರು ಯಾರು, ತಾನು ಯಾವ ಮಾದರಿ. ಇಂಟೆಲ್ ಕಂಪನಿಯ ಗುರುತು ೮೦೮೬. ೧೯೭೮ರಲ್ಲಿ ಅದು ಹೊರತಂದ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಅದೇ ಎಂಬುದು ಸ್ವಾರಸ್ಯ. ಲಿನಕ್ಸಿನ ಒಂದೊಂದು ಡ್ರೈವರೂ ತಾನು ನಿರ್ವಹಿಸಬಲ್ಲ ಸಂಖ್ಯೆಗಳ ಪಟ್ಟಿಯನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಎರಡು ಪಟ್ಟಿಗಳನ್ನು ತಾಳೆ ನೋಡಿ ವ್ಯವಸ್ಥೆಯು ತಕ್ಕ ಡ್ರೈವರನ್ನು ಕರೆಯುತ್ತದೆ.

ಇಲ್ಲಿ ಎಷ್ಟೋ ಮಂದಿಯನ್ನು ದಂಗುಬಡಿಸುವ ಒಂದು ಸಂಗತಿಯನ್ನು ಹೇಳಬೇಕು. ಯಂತ್ರ ಜಾಲದಿಂದ ಪೀಠಿಕೆಯನ್ನು ತರಿಸಿಕೊಳ್ಳುತ್ತದೆ, ಎಚ್ಚರಗೊಳ್ಳುತ್ತದೆ, ಮರುಕ್ಷಣವೇ ‘ಜಾಲಫಲಕ ಕಾಣಲಿಲ್ಲ’ ಎಂದು ನಿಂತುಬಿಡುತ್ತದೆ! ಈಗತಾನೆ ಯಾವ ಫಲಕದ ಮೂಲಕ ಪಾಠ ಬಂತೋ ಅದೇ ಫಲಕ ಕಾಣದೆಹೋಯಿತೆ? ಹೌದು. ಮೊದಲು ಮಾತಾಡಿದ್ದು ಕಾರ್ಖಾನೆಯಲ್ಲಿ ಇಟ್ಟಿದ್ದ ಪುಟ್ಟ ಬೀಜ. ಲಿನಕ್ಸಿನ ತಿರುಳು ಮೇಲೆದ್ದು ಆಡಳಿತ ವಹಿಸಿಕೊಂಡ ಕೂಡಲೇ ಆ ಹಳೆಯ ಸೇವಕನಿಗೆ ಬಿಡುಗಡೆ. ಹೊಸ ಯಜಮಾನನಿಗೆ ಆ ಫಲಕವನ್ನು ನಡೆಸುವ ತನ್ನದೇ ಡ್ರೈವರ್ ಬೇಕು. ಅದು ಪೀಠಿಕೆಯ ಗಂಟಿನಲ್ಲಿಯೇ ಬಂದಿರಬೇಕು. ಮುಂದಿನ ಗ್ರಂಥದಲ್ಲಿದ್ದರೆ ಪ್ರಯೋಜನವಿಲ್ಲ. ಆ ಗ್ರಂಥವನ್ನು ತರಲು ಫಲಕವೇ ಬೇಕಲ್ಲ! ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ಆದುದರಿಂದ ಜಾಲ ಮತ್ತು ಡಿಸ್ಕು, ಈ ಎರಡರ ಡ್ರೈವರುಗಳು ಮೊದಲ ಗಂಟಿನಲ್ಲಿರಬೇಕು; ಉಳಿದವು ಆಮೇಲೆ ಬರಬಹುದು. ಬಗೆಬಗೆಯ ಯಂತ್ರಗಳಿಗೆ ಸ್ಥಾಪನೆ ಮಾಡುವವರು ಮೊದಲು ಕಲಿಯಬೇಕಾದ ಪಾಠವಿದು.

ಡ್ರೈವರ್ ಸಿಕ್ಕಿತು. ಇನ್ನು ಸ್ಥಾಪನೆಯ ಪ್ರಶ್ನೆಗಳು: ಡಿಸ್ಕನ್ನು ಎಷ್ಟು ಭಾಗ ಮಾಡಬೇಕು, ಹೆಸರೇನು, ಯಾವ ಕಾರ್ಯಗಳು ಬೇಕು. ಪ್ರತಿ ಸಲವೂ ಮನುಷ್ಯ ಉತ್ತರ ಹೇಳುವ ಬದಲು ಉತ್ತರಪತ್ರಿಕೆಯೊಂದನ್ನು ಮೊದಲೇ ಬರೆದಿಡುತ್ತಾರೆ. ರೆಡ್‌ಹ್ಯಾಟ್ ಬಳಗದಲ್ಲಿ ಅದನ್ನು ಕಿಕ್‌ಸ್ಟಾರ್ಟ್ ಎನ್ನುತ್ತಾರೆ. ಡೆಬಿಯನ್ ಬಳಗದಲ್ಲಿ ಪ್ರಿಸೀಡ್. ಸನ್ ಕಂಪನಿ ತನ್ನ ಸೊಲಾರಿಸ್ ವ್ಯವಸ್ಥೆಗಾಗಿ ಮಾಡಿದ್ದ ಜಂಪ್‌ಸ್ಟಾರ್ಟ್ ಎಂಬ ವಿಧಾನದಲ್ಲಿ ನಿಯಮಗಳ ಪಟ್ಟಿಯೊಂದಿತ್ತು. ‘ಇಷ್ಟು ಸ್ಮೃತಿಯಿರುವ ಯಂತ್ರವಾದರೆ ಈ ಉತ್ತರಪತ್ರಿಕೆ, ಇಷ್ಟು ದೊಡ್ಡ ಡಿಸ್ಕಿದ್ದರೆ ಆ ಉತ್ತರಪತ್ರಿಕೆ’ ಎಂದು ಸಾಲುಸಾಲಾಗಿ ಬರೆದಿರುತ್ತಿದ್ದರು. ಮೇಲಿನಿಂದ ಓದುತ್ತ ಬಂದು ಮೊದಲು ಹೊಂದಿದ ಸಾಲೇ ಪ್ರಮಾಣ. ಆದುದರಿಂದ ವಿಶೇಷ ನಿಯಮಗಳನ್ನು ಮೇಲೆ ಬರೆದು, ‘ಉಳಿದ ಯಾವುದಾದರೂ ಸರಿ’ ಎಂಬ ಸಾಮಾನ್ಯ ನಿಯಮವನ್ನು ಕೊನೆಗೆ ಇಡಬೇಕಾಗಿತ್ತು. ವ್ಯಾಕರಣಶಾಸ್ತ್ರದಲ್ಲಿ ಸಾಮಾನ್ಯ ನಿಯಮಕ್ಕೆ ಉತ್ಸರ್ಗವೆಂದೂ ಅದನ್ನು ಬಾಧಿಸುವ ವಿಶೇಷ ನಿಯಮಕ್ಕೆ ಅಪವಾದವೆಂದೂ ಹೆಸರು. ಅಪವಾದಕ್ಕೆ ಎಡೆಕೊಟ್ಟ ಮೇಲೆಯೇ ಉತ್ಸರ್ಗಕ್ಕೆ ಅಧಿಕಾರ.

ಇನ್ನು ಅಪಾಯದ ಮಾತು. ಸ್ಥಾಪನೆಯೆಂದರೆ ಮೊದಲು ಡಿಸ್ಕನ್ನು ಅಳಿಸುವುದು. ಹೊಲವನ್ನು ಉತ್ತ ಮೇಲೆ ಬಿತ್ತನೆ. ಬರಿಯ ಹೊಲವಾದರೆ ಚಿಂತೆಯಿಲ್ಲ, ಬೆಳೆ ನಿಂತ ಹೊಲವಾದರೆ? ಲಿನಕ್ಸಿನಲ್ಲಿ ಡಿಸ್ಕುಗಳಿಗೆ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂದು ಕಂಡುಬಂದ ಕ್ರಮದಲ್ಲಿ ಹೆಸರಿಡುತ್ತಾರೆ. ಒಂದು ಯಂತ್ರದಲ್ಲಿ ‘ಎಸ್‌ಡಿಎ’ ಎಂಬುದು ಹೊಸ ಡಿಸ್ಕಾಗಿದ್ದರೆ, ಇನ್ನೊಂದರಲ್ಲಿ ಅದೇ ಹೆಸರು ವರ್ಷಗಳ ದಾಖಲೆ ತುಂಬಿದ ಡಿಸ್ಕಿಗೆ ಬಂದಿರಬಹುದು. ‘ಎಸ್‌ಡಿಎಯನ್ನು ಅಳಿಸು’ ಎಂಬ ಒಂದೇ ಆಜ್ಞೆ ಒಂದು ಕಡೆ ಕೆಲಸ, ಇನ್ನೊಂದು ಕಡೆ ಅನರ್ಥ. ಆದುದರಿಂದ ಬಲ್ಲವರು ಕ್ರಮಸಂಖ್ಯೆಯ ಹೆಸರನ್ನು ನಂಬದೆ, ಡಿಸ್ಕಿನ ಮೇಲಿನ ಸ್ಥಿರವಾದ ಗುರುತನ್ನೋ ಅದರ ಗಾತ್ರವನ್ನೋ ನೋಡಿ ಆಜ್ಞೆ ಬರೆಯುತ್ತಾರೆ.

ಇದು ಬರಿಯ ಭೀತಿಯಲ್ಲವೆಂಬುದಕ್ಕೆ ನಿದರ್ಶನವೊಂದುಂಟು. ಅಮೆರಿಕದ ಅಟ್ಲಾಂಟಾ ನಗರದ ಎಮೊರಿ ವಿಶ್ವವಿದ್ಯಾಲಯದಲ್ಲಿ ೨೦೧೪ರ ಮೇ ತಿಂಗಳಲ್ಲಿ ಹೀಗಾಯಿತು. ವಿಂಡೋಸ್ ೭ನ್ನು ಸ್ಥಾಪಿಸುವ ಪ್ರತಿಯೊಂದು, ಉದ್ದೇಶವಿಲ್ಲದೆ, ಅಲ್ಲಿನ ವಿಂಡೋಸ್ ಯಂತ್ರಗಳೆಲ್ಲಕ್ಕೂ ಹೊರಟುಹೋಯಿತು. ಮೇಜಿನ ಯಂತ್ರ, ಮಡಿಲ ಯಂತ್ರ, ಸರ್ವರು ಎಂಬ ಭೇದವಿಲ್ಲದೆ ಡಿಸ್ಕುಗಳನ್ನು ಅಳಿಸತೊಡಗಿತು. ಸಂಗತಿ ತಿಳಿದೊಡನೆ ಹಂಚಿಕೆಯ ಸರ್ವರನ್ನು ಆರಿಸಿದರು. ಆದರೆ ಅಷ್ಟರಲ್ಲಿ ಆ ಸರ್ವರು ತನ್ನನ್ನು ತಾನೇ ಅಳಿಸಿಕೊಂಡಿತ್ತು! ತಾನು ಕೊಟ್ಟ ವರಕ್ಕೆ ತಾನೇ ಬೆಚ್ಚಿ ಓಡಬೇಕಾಗಿ ಬಂದ ಈಶ್ವರನ ಭಸ್ಮಾಸುರ ಕಥೆ ತಮಗೆ ನೆನಪಾಗಬಹುದು. ಒಂದು ಕೈಯಿಂದ ಒಂದೇ ಯಂತ್ರವನ್ನು ಮುಟ್ಟುವವನ ತಪ್ಪು ಒಂದೇ ಯಂತ್ರದಲ್ಲಿ ನಿಲ್ಲುತ್ತದೆ. ಸಾವಿರ ಕೈಯುಳ್ಳವನ ತಪ್ಪು ಸಾವಿರವಾಗುತ್ತದೆ.

ಹಾಗೆಂದು ಸಾವಿರ ಕೈಗಳನ್ನು ಕಡಿದುಹಾಕಬೇಕಾಗಿಲ್ಲ, ಕಟ್ಟುಪಾಡು ಬೇಕು. ಅನುಭವಿಗಳು ನಾಲ್ಕು ನಿಯಮಗಳನ್ನು ಪಾಲಿಸುತ್ತಾರೆ. ಮೊದಲನೆಯದು, ಜಾಲದಲ್ಲಿ ಕೂಗುವ ಅಪರಿಚಿತ ಯಂತ್ರಕ್ಕೆ ‘ನಿನ್ನ ಡಿಸ್ಕಿನಿಂದಲೇ ಏಳು’ ಎಂಬುದೇ ಉತ್ತರ. ಪಟ್ಟಿಯಲ್ಲಿ ಹೆಸರಿರುವ ಯಂತ್ರಕ್ಕೆ ಮಾತ್ರ ಸ್ಥಾಪನೆ. ಎರಡನೆಯದು, ಸ್ಥಾಪನೆ ಮುಗಿದ ಕೂಡಲೇ ಆ ಹೆಸರನ್ನು ಪಟ್ಟಿಯಿಂದ ತೆಗೆಯುವುದು. ಇಲ್ಲವಾದರೆ ಯಂತ್ರ ಮುಂದಿನ ಸಲ ಎದ್ದಾಗ ಮತ್ತೆ ಅಳಿಸಿಕೊಂಡೀತು. ಮೂರನೆಯದು, ಒಂದೊಂದು ಮಾದರಿಯ ಒಂದೊಂದು ಯಂತ್ರದ ಮೇಲೆ ಮೊದಲು ಪರೀಕ್ಷೆ; ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿ ನೋಡಿದರೆ ಸಾಕೆನ್ನುತ್ತಾರೆ, ಆದರೆ ಇಲ್ಲಿ ಪಾತ್ರೆಗಳೇ ಬೇರೆಬೇರೆ, ಪ್ರತಿ ಪಾತ್ರೆಯ ಅಗುಳನ್ನೂ ನೋಡಬೇಕು. ನಾಲ್ಕನೆಯದು, ಸ್ಥಾಪನೆಯ ಜಾಲವನ್ನು ಬೇರೆಯಾಗಿ ಬೇಲಿ ಕಟ್ಟಿ ಇಡುವುದು. ಏಕೆಂದರೆ ಹಸುಗೂಸಿನಂಥ ಆ ಯಂತ್ರ ಮೊದಲು ಉತ್ತರ ಕೊಟ್ಟವರನ್ನು ನಂಬಿಬಿಡುತ್ತದೆ. ಟಿಎಫ್‌ಟಿಪಿ ಕ್ರಮದಲ್ಲಿ ಗುಪ್ತಪದವೇ ಇಲ್ಲ. ಪೀಠಿಕೆಗೆ ಮುದ್ರೆ ಒತ್ತಿ, ಮುದ್ರೆಯನ್ನು ಪರೀಕ್ಷಿಸಿದ ಮೇಲೆಯೇ ಒಳಗೆ ಬಿಡುವ ಸೆಕ್ಯೂರ್ ಬೂಟ್ ಎಂಬ ಏರ್ಪಾಡು ಈಚೆಗೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ.

ಇನ್ನೊಂದು ಮಾತು. ಒಂದೇ ಪ್ರತಿಯಿಂದ ಹುಟ್ಟಿದ ಯಂತ್ರಗಳು ಒಂದೇ ಗುರುತನ್ನೂ ಹೊತ್ತುಕೊಂಡು ಬರಬಾರದು. ಯಂತ್ರದ ಹೆಸರು, ವಿಳಾಸ, ದೂರದಿಂದ ಬರುವವರಿಗೆ ‘ನಾನೇ ಅವನು’ ಎಂದು ಸಾಧಿಸಿ ತೋರಿಸುವ ಗುಪ್ತ ಕೀಲಿ, ಇವೆಲ್ಲ ಆಯಾ ಯಂತ್ರದಲ್ಲಿಯೇ ಹೊಸದಾಗಿ ಹುಟ್ಟಬೇಕು. ಇನ್ನೂರು ಮನೆಗೆ ಒಂದೇ ಬೀಗದ ಕೈಯಾದರೆ ಒಂದು ಕಳೆದರೆ ಇನ್ನೂರೂ ಕಳೆದಂತೆ. ಒಂದೇ ಪಠ್ಯಪುಸ್ತಕ ಓದಿದ ಮಕ್ಕಳೆಲ್ಲ ಒಂದೇ ಹೆಸರಿನಿಂದ ಹಾಜರಿ ಹೇಳುವುದಿಲ್ಲವಷ್ಟೆ.

ಇದೆಲ್ಲ ದೊಡ್ಡ ಕಚೇರಿಗಳ ಮಾತು, ನಮಗೇನೆಂದು ತಾವು ಭಾವಿಸಬೇಡಿ. ತಮ್ಮ ಮನೆಯ ಗಣಕಯಂತ್ರ ಒಂದು ಬೆಳಗ್ಗೆ ಕಪ್ಪು ಪರದೆಯ ಮೇಲೆ ‘ಪಿಎಕ್ಸ್‌ಇ-ಇ೬೧’ ಎಂದು ಬರೆದು, ತಂತಿಯನ್ನು ನೋಡಿರೆಂದು ಹೇಳಿ ನಿಲ್ಲಬಹುದು. ಗಾಬರಿ ಬೇಡ. ತಂತಿಗಾಗಿ ಹುಡುಕುವುದೂ ಬೇಡ. ಅದರ ಅರ್ಥ ಈಗ ತಮಗೆ ತಿಳಿದಿದೆ: ಯಂತ್ರಕ್ಕೆ ಏಳಲು ತಕ್ಕ ಡಿಸ್ಕು ಸಿಕ್ಕಿಲ್ಲ, ಆದುದರಿಂದ ಜಾಲದಲ್ಲಿ ಗುರುವನ್ನು ಕೂಗುತ್ತಿದೆ, ತಮ್ಮ ಮನೆಯಲ್ಲಿ ಅಂಥ ಗುರುವಿಲ್ಲ. ಚುಚ್ಚಿಟ್ಟ ಪೆನ್‌ಡ್ರೈವ್ ಇದ್ದರೆ ತೆಗೆದು ಮತ್ತೊಮ್ಮೆ ಎಬ್ಬಿಸಿ ನೋಡಿ. ಆಗಲೂ ಏಳದಿದ್ದರೆ ಬಲ್ಲವರಲ್ಲಿಗೆ ಒಯ್ಯಿರಿ. ಡಿಸ್ಕೇ ಕೆಟ್ಟಿರಬಹುದು, ವ್ಯವಸ್ಥೆ ಮಾತ್ರ ಕೆಟ್ಟಿರಬಹುದು. ಎರಡನೆಯದಾದರೆ ತಮ್ಮ ಮಕ್ಕಳ ಛಾಯಾಚಿತ್ರಗಳೂ ಮನೆಯ ಕಾಗದಪತ್ರಗಳೂ ಒಳಗೆ ಭದ್ರವಾಗಿಯೇ ಇರುವ ಸಂಭವವುಂಟು. ‘ಹೊಸದಾಗಿ ಹಾಕಿಬಿಡುತ್ತೇನೆ, ಅರ್ಧ ಗಂಟೆಯ ಕೆಲಸ’ ಎಂದು ಅಂಗಡಿಯವನು ಹೇಳಿದರೆ ಕೂಡಲೇ ತಲೆಯಾಡಿಸಬೇಡಿ. ‘ಮೊದಲು ಒಳಗಿರುವುದನ್ನು ನಕಲು ಮಾಡಿಕೊಡಿ, ಆಮೇಲೆ ಹೊಸದನ್ನು ಹಾಕಿ’ ಎಂದು ಹೇಳಿ. ಉಳುವ ಮುಂಚೆ ಹೊಲದಲ್ಲಿ ಬೆಳೆಯಿದೆಯೇ ಎಂದು ನೋಡುವುದು ರೈತನ ಧರ್ಮ. ದೊಡ್ಡ ಸರ್ವರಿಗೂ ಮನೆಯ ಯಂತ್ರಕ್ಕೂ ಅದು ಒಂದೇ.